ಹೆಣ್ಣುಮಕ್ಕಳಲ್ಲಿ ಎಚ್‌ಐವಿ: ಮುಖ ನೋಡಿ ಹೇಳಲಾಗದು

1986ರಲ್ಲಿ ಚೆನ್ನೈನ ಡಾ. ಸುನೀತಿ ಸೊಲೊಮನ್ ಮತ್ತು ಅವರ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ದೇಶದ ಮೊದಲ ಎಚ್‌ಐವಿ ಸೋಂಕುಗಳನ್ನು ಪತ್ತೆಹಚ್ಚಿದರು. ಆ ರಕ್ತದ ಮಾದರಿಗಳು ಲೈಂಗಿಕ ಕಾರ್ಯಕರ್ತೆಯರದಾಗಿದ್ದವು. ‘ಇದು ಅಂಥವರಿಗೆ ಬರುವ ಕಾಯಿಲೆ’ ಎಂಬ ಮಾತು ಆಗಿನಿಂದ ಜನರ ಬಾಯಲ್ಲಿ ಉಳಿದುಬಿಟ್ಟಿದೆ.

ತಪ್ಪು ಕಲ್ಪನೆ: ಸಂಸಾರಸ್ಥ ಹೆಂಗಸರಿಗೆ ಇದು ಬರುವುದಿಲ್ಲ.

ಸತ್ಯ: ಡಾ. ಸೊಲೊಮನ್ ಮುಂದೆ ಕಟ್ಟಿದ ಚಿಕಿತ್ಸಾ ಕೇಂದ್ರಕ್ಕೆ ಬಂದ ಸೋಂಕಿತ ಮಹಿಳೆಯರಲ್ಲಿ ಹೆಚ್ಚಿನವರು ಗಂಡನೊಬ್ಬನ ಜೊತೆಗಷ್ಟೇ ಬಾಳಿದ ಗೃಹಿಣಿಯರು.

ತಪ್ಪು ಕಲ್ಪನೆ: ಸೋಂಕಿದ್ದವರು ಸೊರಗಿರುತ್ತಾರೆ, ನೋಡಿದರೇ ತಿಳಿಯುತ್ತದೆ.

ಸತ್ಯ: ವೈರಸ್ ಹೊಕ್ಕ ಎರಡರಿಂದ ನಾಲ್ಕು ವಾರಗಳಲ್ಲಿ ಜ್ವರ, ಗಂಟಲು ನೋವು, ಮೈಮೇಲೆ ದದ್ದು, ಕತ್ತಿನಲ್ಲಿ ಗಂಟು ಕಾಣಿಸಬಹುದು. ವೈರಲ್ ಜ್ವರವೆಂದುಕೊಂಡು ಮಾತ್ರೆ ನುಂಗುತ್ತಾರೆ, ಅದು ತಾನಾಗಿಯೇ ಇಳಿಯುತ್ತದೆ. ಹಲವರಿಗೆ ಅಷ್ಟೂ ಆಗುವುದಿಲ್ಲ. ಆಮೇಲೆ ಹತ್ತು ವರ್ಷದವರೆಗೂ ಯಾವ ತೊಂದರೆಯೂ ಇಲ್ಲದೆ ಓಡಾಡಿಕೊಂಡಿರಬಹುದು. ಆದರೆ ಸೋಂಕು ಆಗಲೂ ಹರಡಬಲ್ಲದು.

ತಪ್ಪು ಕಲ್ಪನೆ: ಬಿಳಿಸೆರಗು, ಕೆಳಹೊಟ್ಟೆ ನೋವು ಹೆಂಗಸರಿಗೆ ಇದ್ದದ್ದೇ.

ಸತ್ಯ: ಎಷ್ಟೋ ಮಹಿಳೆಯರು ಪರೀಕ್ಷೆಗೆ ತಡಮಾಡುವುದು ಇಲ್ಲಿಯೇ. ಮೊಸರಿನಂಥ ಬಿಳಿಸೆರಗು, ತುರಿಕೆ ಔಷಧಿಗೆ ಕಡಿಮೆಯಾಗಿ ಮತ್ತೆ ಮತ್ತೆ ಬರುವುದು, ಕಿಬ್ಬೊಟ್ಟೆಯ ಸೋಂಕು ವಾಸಿಯಾಗದಿರುವುದು, ಮುಟ್ಟು ಏರುಪೇರಾಗುವುದು, ಬಾಯಲ್ಲಿ ಬಿಳಿ ಪದರ, ತೂಕ ಇಳಿಕೆ ಇವೆಲ್ಲ ರೋಗನಿರೋಧಕ ಶಕ್ತಿ ಕುಗ್ಗಿದಾಗ ಕಾಣಿಸಬಹುದು. ಬೇರೆ ಕಾರಣಗಳಿಂದಲೂ ಇವು ಬರುತ್ತವೆ. ಹಾಗಾಗಿ ಗಾಬರಿ ಬೇಡ, ಉದಾಸೀನವೂ ಬೇಡ. ಎಚ್‌ಐವಿ ಇರುವ ಮಹಿಳೆಯರಿಗೆ ಗರ್ಭಕಂಠದ ಕ್ಯಾನ್ಸರ್ ಬರುವ ಸಂಭವ ಸುಮಾರು ಆರು ಪಟ್ಟು ಹೆಚ್ಚು. ಆದ್ದರಿಂದ ಅವರು ಆ ತಪಾಸಣೆಯನ್ನೂ ತಪ್ಪಿಸಬಾರದು.

ತಪ್ಪು ಕಲ್ಪನೆ: ಪರೀಕ್ಷೆ ಮಾಡಿಸಿದರೆ ಊರಿಗೆಲ್ಲ ಗೊತ್ತಾಗುತ್ತದೆ, ಗೊತ್ತಾದರೂ ಪ್ರಯೋಜನವಿಲ್ಲ.

ಸತ್ಯ: ಸರ್ಕಾರಿ ಆಸ್ಪತ್ರೆಗಳ ಐಸಿಟಿಸಿ (ಸಮಾಲೋಚನೆ ಮತ್ತು ಪರೀಕ್ಷಾ) ಕೇಂದ್ರಗಳಲ್ಲಿ ಪರೀಕ್ಷೆ ಉಚಿತ. ಮೊದಲು ಆಪ್ತಸಮಾಲೋಚಕರು ಮಾತಾಡಿಸುತ್ತಾರೆ, ಆಮೇಲೆ ರಕ್ತ ತೆಗೆಯುತ್ತಾರೆ. ಮೂರು ಬೇರೆ ಬೇರೆ ಕಿಟ್‌ಗಳಲ್ಲಿ ಖಚಿತವಾದ ಮೇಲಷ್ಟೇ ಪಾಸಿಟಿವ್ ಎನ್ನುವುದು. ಹೊಸ ಸೋಂಕು ಪರೀಕ್ಷೆಯಲ್ಲಿ ತೋರಲು ಕೆಲವು ವಾರ ಬೇಕು. ಹೀಗಾಗಿ ಮೊದಲ ಸಲ ನೆಗೆಟಿವ್ ಬಂದರೂ ಆಪ್ತಸಮಾಲೋಚಕರು ಹೇಳಿದ ಸಮಯಕ್ಕೆ ಮತ್ತೆ ಮಾಡಿಸಬೇಕು.

ಒಪ್ಪಿಗೆಯಿಲ್ಲದೆ ಪರೀಕ್ಷಿಸುವುದನ್ನೂ ಫಲಿತಾಂಶ ಬಯಲು ಮಾಡುವುದನ್ನೂ 2017ರ ಎಚ್‌ಐವಿ ಕಾಯ್ದೆ ತಡೆಯುತ್ತದೆ. ವೈರಸ್ಸನ್ನು ಹತೋಟಿಯಲ್ಲಿಡುವ ಎಆರ್‌ಟಿ ಮಾತ್ರೆಗಳು 2004ರಿಂದ ಸರ್ಕಾರಿ ಕೇಂದ್ರಗಳಲ್ಲಿ ಉಚಿತವಾಗಿ ಸಿಗುತ್ತಿವೆ. ಚಿಕಿತ್ಸೆಯಿಲ್ಲದಿದ್ದರೆ ತಾಯಿಯಿಂದ ಮಗುವಿಗೆ ಸೋಂಕು ದಾಟುವ ಸಂಭವ ಶೇ. 15ರಿಂದ 45. ಬಸಿರಲ್ಲೇ ಮಾತ್ರೆ ಶುರುಮಾಡಿ ಬಿಡದೆ ನುಂಗಿದರೆ ಅದು ಶೇ. 5ಕ್ಕಿಂತ ಕೆಳಗಿಳಿಯುತ್ತದೆ. ಯಾರನ್ನು ಕೇಳುವುದೆಂದು ತೋಚದವರು 1097ಕ್ಕೆ ಉಚಿತವಾಗಿ ಕರೆ ಮಾಡಬಹುದು.