ಕ್ಷ-ಕಿರಣಗಳನ್ನು ಆರಿಸುವ ಹರಳು

ಲಕ್ಕವಳ್ಳಿಯ ಭದ್ರಾ ಅಣೆಕಟ್ಟಿನಿಂದ ನೀರು ಧುಮ್ಮಿಕ್ಕುವಾಗ ತುಂತುರಿನಲ್ಲಿ ಕಾಮನಬಿಲ್ಲು ಮೂಡುವುದುಂಟು. ನೀರಹನಿಗಳು ಬಿಸಿಲಿನ ಬಣ್ಣಗಳನ್ನು ಬೇರ್ಪಡಿಸುತ್ತವೆ. ಕ್ಷ-ಕಿರಣಗಳಲ್ಲೂ ಹಲವು ತರಂಗಾಂತರಗಳು ಬೆರೆತಿರುತ್ತವೆ; ಆದರೆ ನೀರು, ಗಾಜು ಅವನ್ನು ಬಾಗಿಸುವುದು ಅತ್ಯಲ್ಪ. ಹಾಗಾದರೆ ಬೇಕಾದ ಒಂದನ್ನೇ ಆರಿಸುವುದು ಹೇಗೆ?

ಇದಕ್ಕೆ ಹರಳು ಬೇಕು. ಅದರೊಳಗೆ ಪರಮಾಣುಗಳು ಸಮಾನ ಅಂತರದ ಪದರಗಳಲ್ಲಿ ಜೋಡಣೆಗೊಂಡಿರುತ್ತವೆ. ಪದರಗಳಿಂದ ಪ್ರತಿಫಲಿಸಿದ ಅಲೆಗಳು ಹೆಜ್ಜೆಗೆ ಹೆಜ್ಜೆ ಕೂಡಿದರೆ ಬಲಗೊಳ್ಳುತ್ತವೆ, ತಪ್ಪಿದರೆ ಅಳಿಯುತ್ತವೆ. ಪದರಗಳ ಅಂತರದ ಎರಡರಷ್ಟನ್ನು ಕೋನದ ಸೈನ್‌ನಿಂದ ಗುಣಿಸಿದರೆ ಆಯ್ಕೆಯಾಗುವ ತರಂಗಾಂತರ ಸಿಗುತ್ತದೆ. 1912ರಲ್ಲಿ ಈ ಸೂತ್ರ ಕಂಡುಕೊಂಡ ಲಾರೆನ್ಸ್ ಬ್ರ್ಯಾಗ್, 1915ರಲ್ಲಿ ತಂದೆಯೊಡನೆ ನೊಬೆಲ್ ಪಡೆದಾಗ 25ರ ತರುಣ.

ಸಿಲಿಕಾನ್ ಹರಳಿನಲ್ಲಿ ಈ ಅಂತರ 0.3136 ನ್ಯಾನೊಮೀಟರ್. ತಾಮ್ರದಿಂದ ಹೊಮ್ಮುವ 0.154 ನ್ಯಾನೊಮೀಟರ್ ಕಿರಣ ಬೇಕಾದರೆ ಹರಳನ್ನು ಸುಮಾರು 14.2 ಡಿಗ್ರಿ ಓರೆಯಾಗಿಡಬೇಕು. ಬೇರೆಯದು ಬೇಕೆ? ಹರಳನ್ನು ತಿರುಗಿಸಿದರಾಯಿತು. ಇದೇ ಏಕವರ್ಣಕ, ಅಂದರೆ ಮಾನೊಕ್ರೊಮೇಟರ್. ಇಂದೂರಿನ ಇಂಡಸ್-2 ಯಂತ್ರದಲ್ಲಿ ಇಂಥ ಹರಳುಗಳು ಜೋಡಿಯಾಗಿ ದುಡಿಯುತ್ತವೆ: ಒಂದು ಕಿರಣವನ್ನು ಆರಿಸುತ್ತದೆ, ಇನ್ನೊಂದು ಅದನ್ನು ಮೊದಲಿನ ದಿಕ್ಕಿಗೇ ಹೊರಳಿಸುತ್ತದೆ.

ತರಂಗಾಂತರಗಳು ಬೆರೆತರೆ ಔಷಧದ ಅಣುವಿನ ರಚನೆ ಅಳೆಯುವ ಲೆಕ್ಕ ಗೋಜಲಾಗುತ್ತದೆ. ತ್ರಿಕೋನಮಿತಿ ಯಾತಕ್ಕೆಂದು ಮಕ್ಕಳು ಕೇಳಿದರೆ, ಪೋಷಕರೇ, ಮೇಲಿನ ಲೆಕ್ಕವನ್ನು ಅವರ ಕೈಯಿಂದಲೇ ಮಾಡಿಸಿ ನೋಡಿ.