ಬೆಳ್ಳಿ ಶಾಯಿಯ ಗೆರೆಗಳು

ಸೌರಕೋಶವನ್ನು ಹತ್ತಿರದಿಂದ ನೋಡಿದರೆ ಅದರ ಕಪ್ಪು ಮೈಮೇಲೆ ಒತ್ತೊತ್ತಾಗಿ ಎಳೆದ ಬೆಳ್ಳಿ ಗೆರೆಗಳು ಕಾಣುತ್ತವೆ. ಬಿಸಿಲು ಸಿಲಿಕಾನ್‌ನಲ್ಲಿ ಎಬ್ಬಿಸಿದ ಎಲೆಕ್ಟ್ರಾನುಗಳು ತಂತಿ ಸೇರುವುದು ಇವುಗಳ ಮೂಲಕವೇ. ಗೆರೆ ಅಗಲವಾದರೆ ಅದರ ನೆರಳು ಬಿದ್ದಷ್ಟು ಜಾಗ ವ್ಯರ್ಥ. ತೀರಾ ಸಪೂರವಾದರೆ ರೋಧ ಹೆಚ್ಚಿ, ಹುಟ್ಟಿದ ವಿದ್ಯುತ್ತು ಶಾಖವಾಗಿ ಪೋಲಾಗುತ್ತದೆ.

ಬಹುತೇಕ ಕಾರ್ಖಾನೆಗಳಲ್ಲಿ ಬೆಳ್ಳಿಪುಡಿ, ಗಾಜಿನಪುಡಿ ಬೆರೆಸಿದ ಪೇಸ್ಟನ್ನು ಜಾಲರಿಯ ಮೂಲಕ ಒತ್ತಿ, 700-800 ಡಿಗ್ರಿ ಸೆಲ್ಸಿಯಸ್ ಕುಲುಮೆಯಲ್ಲಿ ಹಾಯಿಸುತ್ತಾರೆ. ಸಾಮಾನ್ಯ ಸಿಲಿಕಾನ್ ಕೋಶ ಆ ಬಿಸಿಯನ್ನು ತಾಳುತ್ತದೆ. ಹೆಚ್ಚು ದಕ್ಷತೆಯ ಹೆಟೆರೋಜಂಕ್ಷನ್ ಕೋಶ ಮಾತ್ರ 200 ಡಿಗ್ರಿ ಮೀರಿದರೆ ಕೆಡತೊಡಗುತ್ತದೆ. ಪೆರೋವ್‌ಸ್ಕೈಟ್ ಕೋಶಗಳು ಇನ್ನೂ ನಾಜೂಕು.

ಇಲ್ಲಿಯೇ ನ್ಯಾನೋಕಣಗಳ ಶಾಯಿ ಕೈಹಿಡಿಯುವುದು. ಬೆಳ್ಳಿ ಕರಗಲು ಸುಮಾರು 962 ಡಿಗ್ರಿ ಬೇಕು. ಆದರೆ ಕಣ ಕೆಲವೇ ನ್ಯಾನೋಮೀಟರಿನಷ್ಟಾದಾಗ ಅದರ ಪರಮಾಣುಗಳಲ್ಲಿ ದೊಡ್ಡ ಪಾಲು ಮೇಲ್ಮೈಯಲ್ಲೇ ಇರುತ್ತದೆ. ಅವಕ್ಕೆ ಹೊರಬದಿಯಲ್ಲಿ ನೆರೆಯವರಿಲ್ಲ, ಹಿಡಿತ ಸಡಿಲ. ಕಣ ಕಿರಿದಾದಷ್ಟೂ ಕರಗುವ ಉಷ್ಣತೆ ಇಳಿಯುತ್ತದೆ ಎಂಬುದನ್ನು 1976ರಲ್ಲಿ ಬುಫಾ ಮತ್ತು ಬೊರೆಲ್ ಎಂಬ ವಿಜ್ಞಾನಿಗಳು ಚಿನ್ನದ ಕಣಗಳಲ್ಲಿ ಅಳೆದು ತೋರಿಸಿದ್ದರು. ಬೆಳ್ಳಿಯ ನ್ಯಾನೋಕಣಗಳಂತೂ ಪೂರ್ತಿ ಕರಗಬೇಕಾಗಿಯೂ ಇಲ್ಲ. 150 ಡಿಗ್ರಿಯ ಆಸುಪಾಸಿನಲ್ಲೇ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ.

ಈ ಬೆಸೆಯುವ ಗುಣವೇ ತೊಡಕು ಕೂಡ. ಹಾಗೇ ಬಿಟ್ಟರೆ ಕಣಗಳು ಸೀಸೆಯಲ್ಲೇ ಗಂಟುಕಟ್ಟುತ್ತವೆ. ಚಪಾತಿ ಉಂಡೆಗಳು ಅಂಟದಿರಲೆಂದು ಹಿಟ್ಟು ಸವರಿದ ಹಾಗೆ, ಪ್ರತಿ ಕಣಕ್ಕೂ ಸಾವಯವ ಅಣುಗಳ ಹೊದಿಕೆ ತೊಡಿಸಬೇಕು. ಬಿಸಿ ಮಾಡಿದಾಗ ಅದೇ ಹೊದಿಕೆ ಪೂರ್ತಿ ಕಳಚಿ ಹೋಗಬೇಕು. ಉಳಿದರೆ ಕಣಗಳ ನಡುವೆ ವಿದ್ಯುತ್ತಿಗೆ ಗೋಡೆಯಾಗುತ್ತದೆ. ಸೀಸೆಯಲ್ಲಿ ಗಟ್ಟಿಯಾಗಿ ಅಂಟಿಕೊಂಡಿದ್ದು, ಕಾದ ಕೋಶದ ಮೇಲೆ ತಟ್ಟನೆ ಬಿಡುವಂಥ ಅಣುವನ್ನು ಆರಿಸುವುದೇ ನನ್ನ ಮಟ್ಟಿಗೆ ಈ ವಿದ್ಯೆಯ ತಿರುಳು. ಫಲ ಕಣ್ಣಿಗೇ ಕಾಣುತ್ತದೆ: ಕಡುಗಂದು ಬಣ್ಣದ ಗೆರೆ ಕಾಯುತ್ತ ಹೋದಂತೆ ಬೆಳ್ಳಿಯ ಹೊಳಪಿಗೆ ತಿರುಗುತ್ತದೆ.

ಶಾಯಿ ತೆಳುವಾದ್ದರಿಂದ ಇಂಕ್‌ಜೆಟ್ ಪ್ರಿಂಟರಿನಿಂದ ಹನಿಹನಿಯಾಗಿ ಚಿಮ್ಮಿಸಬಹುದು. ಕೋಶವನ್ನು ಮುಟ್ಟುವುದೇ ಬೇಡ. ಸಿಲಿಕಾನ್ ಬಿಲ್ಲೆಗಳ ದಪ್ಪ 150 ಮೈಕ್ರಾನಿನ ಸುಮಾರಿಗೆ ಇಳಿದಿರುವಾಗ ಒತ್ತಿದರೆ ಒಡೆಯುವ ಭಯ ತಪ್ಪುವುದು ಸಣ್ಣ ಲಾಭವಲ್ಲ. ಆದರೆ ಪ್ರಿಂಟರಿನ ಮೂತಿ ಕಟ್ಟಿಕೊಳ್ಳುತ್ತದೆ, ಸಾಕಷ್ಟು ಎತ್ತರದ ಗೆರೆಗೆ ಹಲವು ಸುತ್ತು ಬೇಕು. ವೇಗದಲ್ಲಿ ಜಾಲರಿ ಮುದ್ರಣವನ್ನು ಸರಿಗಟ್ಟುವುದು ಕಷ್ಟ.

ಇನ್ನು ಬೆಲೆ. ಜಗತ್ತಿನ ವಾರ್ಷಿಕ ಬೆಳ್ಳಿ ಬೇಡಿಕೆಯಲ್ಲಿ ಹತ್ತನೇ ಒಂದಕ್ಕಿಂತ ಹೆಚ್ಚು ಪಾಲು ಈಗ ಸೌರಕೋಶಗಳದ್ದು. ಅದಕ್ಕೇ ಕಣ್ಣು ತಾಮ್ರದ ಮೇಲೆ. ವಿದ್ಯುತ್ತನ್ನು ಅದು ಹೆಚ್ಚುಕಡಿಮೆ ಬೆಳ್ಳಿಯಷ್ಟೇ ಸಲೀಸಾಗಿ ಹರಿಸುತ್ತದೆ, ಆದರೆ ನ್ಯಾನೋ ಗಾತ್ರದಲ್ಲಿ ಗಾಳಿ ಸೋಕಿದರೆ ಬೇಗ ಆಕ್ಸೈಡ್ ಆಗುತ್ತದೆ, ಸಿಲಿಕಾನ್ ಒಳಗೆ ನುಸುಳಿದರೆ ಕೋಶವನ್ನೇ ಕೆಡಿಸುತ್ತದೆ. ಹೀಗಾಗಿ ತಾಮ್ರಕ್ಕೂ ಸಿಲಿಕಾನಿಗೂ ನಡುವೆ ನಿಕ್ಕಲ್‌ನಂಥ ತಡೆಪದರ ಹಾಕಬೇಕಾಗುತ್ತದೆ.