ಮುಖದ ಪೌಡರ್: ಆಯ್ಕೆ ಮತ್ತು ಬಳಕೆ

ಮುಂಬಯಿಯ ಕನ್ನಡ ಸಂಘಗಳ ವಾರ್ಷಿಕೋತ್ಸವಗಳಲ್ಲಿ ನಮ್ಮ ಮಕ್ಕಳು ನೃತ್ಯ, ಯಕ್ಷಗಾನಗಳಿಗಾಗಿ ಬಣ್ಣ ಹಚ್ಚುತ್ತಾರೆ. ಹಿಂದೆ ಯಕ್ಷಗಾನ ಕಲಾವಿದರು ಬಳಸುತ್ತಿದ್ದ ಅರದಾಳದಲ್ಲಿ ಆರ್ಸೆನಿಕ್, ಇಂಗಳೀಕದಲ್ಲಿ ಪಾದರಸವಿತ್ತು. ಆದುದರಿಂದ ಇಂದು ನಾವು ಹಚ್ಚುವುದೇನೆಂದು ಅರಿತಿರುವುದು ಅಗತ್ಯ.

ಎಣ್ಣೆ, ಬೆವರುಗಳನ್ನು ಹೀರಿ ಬಣ್ಣವನ್ನು ನಿಲ್ಲಿಸುವುದು, ದೀಪದ ಬೆಳಕಿನಲ್ಲಿ ಹೊಳಪನ್ನು ತಗ್ಗಿಸುವುದು ಪೌಡರಿನ ಕಾರ್ಯ. ಕಡಲ ತೇವದ ಈ ಮಹಾನಗರದಲ್ಲಿ ಅದರ ಅಗತ್ಯ ಹೆಚ್ಚು. ರಂಗಕ್ಕೆ ಬಿಡಿ ಪೌಡರ್, ಕೈಚೀಲಕ್ಕೆ ಕಾಂಪ್ಯಾಕ್ಟ್ ಸೂಕ್ತ. ಕೊಳ್ಳುವ ಮೊದಲು ದವಡೆಯ ಅಂಚಿಗೆ ಹಚ್ಚಿ, ಹಗಲ ಬೆಳಕಿನಲ್ಲಿ ನೋಡಬೇಕು. ಬಿಳುಪೇ ಚೆಲುವೆಂದು ಭಾವಿಸಿ ತೀರಾ ತಿಳಿಬಣ್ಣವನ್ನು ಆರಿಸಿದರೆ ಮುಖವು ಬೂದಿ ಬಳಿದಂತೆ ಕಾಣುತ್ತದೆ.

ಪಫ್‌ನಲ್ಲಿ ಅಲ್ಪವೇ ತೆಗೆದುಕೊಂಡು, ಕೊಡವಿ, ಹಣೆ, ಮೂಗು, ಗಲ್ಲಗಳಿಗೆ ಒತ್ತಬೇಕು, ಉಜ್ಜಬಾರದು. ಬೆವರಿದಾಗ ಮೊದಲು ಹತ್ತಿಬಟ್ಟೆಯಿಂದ ಒತ್ತಿ ತೆಗೆದು, ಬಳಿಕವೇ ಮತ್ತೆ ಹಚ್ಚಬೇಕು. ಒಬ್ಬರ ಪಫ್ ಮತ್ತೊಬ್ಬರಿಗೆ ಸಲ್ಲದು.

ಅನೇಕ ಪೌಡರುಗಳ ಮೂಲವಸ್ತು ಟಾಲ್ಕ್. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2024ರಲ್ಲಿ ಅದನ್ನು 'ಬಹುಶಃ ಕ್ಯಾನ್ಸರ್‌ಕಾರಕ' ವರ್ಗಕ್ಕೆ ಸೇರಿಸಿತು. ಪೌಡರ್ ಹಚ್ಚಿದವರಿಗೆಲ್ಲ ರೋಗ ಬರುವುದೆಂದು ಇದರ ಅರ್ಥವಲ್ಲ. ಆದರೆ ಅದರ ಧೂಳು ಶ್ವಾಸಕೋಶಕ್ಕೆ ಹಿತವಲ್ಲ. ಮೆಕ್ಕೆಜೋಳದ ಪಿಷ್ಟದಿಂದ ತಯಾರಾದ ಪೌಡರುಗಳೂ ದೊರೆಯುತ್ತವೆ. ಅವುಗಳ ಧೂಳನ್ನೂ ಉಸಿರಾಡಬಾರದು. ಆದ್ದರಿಂದ ಡಬ್ಬಿಯ ಮೇಲಿನ ಬರಹವನ್ನು ಓದಿ ಕೊಳ್ಳೋಣ, ಮಕ್ಕಳ ಮುಖದೆದುರು ಪೌಡರ್ ಹಾರಿಸದಿರೋಣ. ಹಸುಳೆಗಳಿಗಂತೂ ಅದು ಬೇಡವೇ ಬೇಡ.